ಸ್ಕೀ ಬೂಟಿನ ಬಾಯಿ ತೆರೆಯುವ ಸಲಕರಣೆ: ಮೈಸೂರಿನ ಮನೆಯ ಕಾರ್ಯಾಗಾರದಲ್ಲಿ ಕಟ್ಟಿದ ಬಗೆ

ಸ್ಕೀ ಬೂಟನ್ನು ತೊಡುವುದು ಕಷ್ಟ, ಸಂಜೆ ಅದನ್ನು ಕಳಚುವುದು ಅದಕ್ಕಿಂತಲೂ ಕಷ್ಟ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆಂದು ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿಬರುವ ನನ್ನ ತಮ್ಮನ ಮಗಳು ತನ್ನ ಬೂಟುಗಳನ್ನು ವರ್ಷದ ಉಳಿದ ತಿಂಗಳುಗಳಲ್ಲಿ ಮೈಸೂರಿನ ನಮ್ಮ ಮನೆಯಲ್ಲೇ ಇಟ್ಟಿರುತ್ತಾಳೆ. ಅವಳ ಪಾದದ ಮೇಲುಬ್ಬು ಸ್ವಲ್ಪ ಎತ್ತರವಾಗಿರುವುದರಿಂದ ಈ ತೊಂದರೆ ಅವಳಿಗೆ ಇತರರಿಗಿಂತ ಹೆಚ್ಚು. "ದೊಡ್ಡಪ್ಪ, ಹಾಕ್ಕೊಳ್ಳೋವಾಗ ಒಬ್ರು ಬೂಟು ಹಿಡ್ಕೋಬೇಕು, ಬಿಚ್ಚೋವಾಗ ಇಬ್ರು ಎಳೀಬೇಕು, ಪ್ರತಿ ಸಲ ಯಾರನ್ನ ಅಂತ ಕರೀಲಿ?" ಎಂದು ಅವಳು ಕೇಳಿದ್ದರಿಂದ ಈ ಕೆಲಸ ಆರಂಭವಾಯಿತು. ಯಾರ ನೆರವೂ ಇಲ್ಲದೆ, ಹೆಚ್ಚು ಬಗ್ಗದೆ, ಬೂಟಿನ ಪ್ಲಾಸ್ಟಿಕ್ಕಿಗೆ ಹಾನಿಯಾಗದಂತೆ ಬಳಸಬಹುದಾದ, ಪ್ರಯಾಣದ ಚೀಲದಲ್ಲಿ ಹಿಡಿಸುವ ಒಂದು ಸಲಕರಣೆ ಅವಳಿಗೆ ಬೇಕಾಗಿತ್ತು. ಅದನ್ನು ಮೈಸೂರಿನಲ್ಲಿ ಸುಲಭವಾಗಿ ಸಿಗುವ ಸಾಮಗ್ರಿಗಳಿಂದಲೇ ಮಾಡಿದ್ದೇನೆ. ಅಳತೆಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಬೂಟಿನ ರಚನೆ ತಿಳಿಯದೆ ಸಲಕರಣೆಯ ಆಕಾರ ಅರ್ಥವಾಗುವುದಿಲ್ಲ. ಪಾದವನ್ನು ಸುತ್ತುವರಿಯುವ ದಪ್ಪ ಪ್ಲಾಸ್ಟಿಕ್ ಕವಚವನ್ನು ಶೆಲ್ ಎನ್ನುತ್ತಾರೆ. ಕಣಕಾಲನ್ನು ಹಿಡಿಯುವ ಮೇಲಿನ ಭಾಗ ಕಫ್. ಒಳಗೆ ಮೆತ್ತನೆಯ ಲೈನರ್. ಮುಂಭಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಬಕಲ್‌ಗಳು. ಎಲ್ಲಕ್ಕಿಂತ ಮೇಲೆ ಪವರ್ ಸ್ಟ್ರಾಪ್ ಎಂಬ ಅಗಲವಾದ ಪಟ್ಟಿ. ಮೊಣಕಾಲನ್ನು ಮುಂದಕ್ಕೋ ಪಕ್ಕಕ್ಕೋ ಒತ್ತಿದಾಗ ಆ ಒತ್ತಡ ಎಲ್ಲಿಯೂ ಸೋರಿಹೋಗದೆ ಸ್ಕೀಯ ಅಂಚಿಗೆ ತಲುಪಬೇಕಾದ್ದರಿಂದ ಈ ಬೂಟು ಗಟ್ಟಿಯಾಗಿರಲೇಬೇಕು. ಹಿಂದೆ ಇವು ಚರ್ಮದ ಬೂಟುಗಳಾಗಿದ್ದವು. 1955ರಲ್ಲಿ ಸ್ವಿಟ್ಜರ್ಲೆಂಡಿನ ಹೆಂಕೆ ಕಂಪನಿ ಲೇಸಿನ ಬದಲು ಬಕಲ್ ತಂದಿತು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗೆ ಪ್ಲಾಸ್ಟಿಕ್ ಕವಚದ ಬೂಟನ್ನು ಮಾರುಕಟ್ಟೆಗೆ ತಂದ. ಅಲ್ಲಿಂದ ಮುಂದೆ ಹಿಡಿತ ಬಿಗಿಯಾದಷ್ಟೂ ಪಾದ ಒಳಹೋಗುವ ದಾರಿ ಕಿರಿದಾಯಿತು. ಹಿಂಬದಿ ತೆರೆದುಕೊಳ್ಳುವ ಬೂಟುಗಳು 1980ರ ದಶಕದಲ್ಲಿ ಬಹಳ ಜನಪ್ರಿಯವಾಗಿದ್ದವು. ಅವುಗಳಲ್ಲಿ ಪಾದ ಇಳಿಸುವುದು ಚಪ್ಪಲಿ ಮೆಟ್ಟಿದಷ್ಟೇ ಸಲೀಸಾಗಿತ್ತಾದರೂ ಪಾದದ ಮೇಲೆ ಹಿಡಿತ ಸಾಲದೆಂದು ನುರಿತವರು ಮತ್ತೆ ಮುಂಬದಿಯ ಬಕಲ್‌ಗಳಿಗೇ ಮರಳಿದರು. ನಮ್ಮ ಹುಡುಗಿಯ ಬೂಟೂ ಅದೇ ಜಾತಿಯದು, ಎರಡು ಪದರಗಳು ಒಂದರ ಮೇಲೊಂದು ಮುಚ್ಚಿಕೊಳ್ಳುವ ರಚನೆ.

ಬೂಟನ್ನು ಮೇಜಿನ ಮೇಲಿಟ್ಟು, ಲೈನರ್ ಹೊರತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಸಿಕ್ಕಿಕೊಳ್ಳುವ ಜಾಗ ಯಾವುದೆಂಬುದು ಸ್ಪಷ್ಟವಾಯಿತು. ಕಫ್‌ನ ಬಾಯಿ ಅಗಲವಾಗಿಯೇ ಇದೆ, ಬೆರಳುಗಳ ಕಡೆಯೂ ಸಾಕಷ್ಟು ಜಾಗವಿದೆ. ಶೆಲ್ಲಿನ ಎರಡು ಪದರಗಳು ಪಾದದ ಮೇಲುಬ್ಬಿನ ಮೇಲೆ ಕೂಡುವ ಜಾಗಕ್ಕೂ ಹಿಂದಿನ ಹಿಮ್ಮಡಿಯ ಗೂಡಿನ ಅಂಚಿಗೂ ನಡುವಿನ ಓರೆ ಅಂತರವೇ ಇಕ್ಕಟ್ಟಿನದು. ಪಾದದ ಹಿಮ್ಮಡಿಯ ತುದಿಯಿಂದ ಮೇಲುಬ್ಬಿನವರೆಗಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಹೋಲಿಸಿದರೆ, ಆ ಕತ್ತಿನ ಸುತ್ತಳತೆ ಪಾದಕ್ಕಿಂತ ಕಡಿಮೆ. ಆದ್ದರಿಂದ ಪಾದ ಒಳಹೋಗಬೇಕಾದರೆ ಶೆಲ್ ತನ್ನ ಬಾಯನ್ನು ಅಷ್ಟು ಹೊತ್ತು ಅಗಲಿಸಿಕೊಳ್ಳಲೇಬೇಕು. ಕಾಲನ್ನು ಎಷ್ಟು ಬಲವಾಗಿ ಒತ್ತಿದರೂ ಎಳೆದರೂ ಆ ಬಲ ಮೊದಲು ಖರ್ಚಾಗುವುದು ಪದರಗಳನ್ನು ಅಗಲಿಸುವುದಕ್ಕೆ, ಅದೂ ಪಾದದ ಮೂಳೆಯನ್ನೇ ಬೆಣೆಯಾಗಿ ಬಳಸಿ. ನೋವು ಬರುವುದು ಅಲ್ಲಿಯೇ. ಪಾದವನ್ನು ಎಳೆಯುವ ಉಪಾಯಗಳನ್ನು ನಾನು ಆರಂಭದಲ್ಲೇ ಕೈಬಿಟ್ಟದ್ದಕ್ಕೆ ಇದೇ ಕಾರಣ. ಸಲಕರಣೆ ಮಾಡಬೇಕಾದದ್ದು ಎರಡೇ: ಬೂಟನ್ನು ನೆಲಕ್ಕೆ ಹಿಡಿದಿಡುವುದು ಮತ್ತು ಅದರ ಕತ್ತನ್ನು ತೆರೆದಿಡುವುದು. ಅವೆರಡೂ ಆದರೆ ಪಾದ ತನ್ನಷ್ಟಕ್ಕೆ ಬರುತ್ತದೆ.

ಇಲ್ಲಿ ಮೈಸೂರಿನ ಹವೆಯ ವಿಷಯ ಬರುತ್ತದೆ. ಶೆಲ್ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನದು. ತಣ್ಣಗಾದಷ್ಟೂ ಅದು ಬಿರುಸಾಗುತ್ತದೆ. ನಮ್ಮ ಕಾರ್ಯಾಗಾರದಲ್ಲಿ ಮಧ್ಯಾಹ್ನದ ಹೊತ್ತಿಗೆ 28 ಡಿಗ್ರಿ ಇರುವಾಗ ಎರಡು ಕೈಗಳಿಂದಲೇ ಪದರಗಳನ್ನು ಅಗಲಿಸಬಹುದಾಗಿತ್ತು. ಅದನ್ನು ನೋಡಿದವರಿಗೆ ಸಲಕರಣೆಯ ಅಗತ್ಯವೇ ಇಲ್ಲವೆನ್ನಿಸುತ್ತದೆ. ಗುಲ್ಮಾರ್ಗ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ, ಜನವರಿಯ ಬೆಳಗುಗಳಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ ಹಲವು ಡಿಗ್ರಿ ಕೆಳಗಿರುತ್ತದೆ. ಹಾಗಾಗಿ ಅಳತೆಯೆಲ್ಲ ಚಳಿಯಲ್ಲೇ ಆಗಬೇಕೆಂದು ತೀರ್ಮಾನಿಸಿ, ನಮ್ಮ ಬಡಾವಣೆಯಲ್ಲಿ ಪರಿಚಯವಿರುವ ಐಸ್‌ಕ್ರೀಮ್ ಅಂಗಡಿಯವರ ಗೋದಾಮಿನ ಹಳೆಯ ಡೀಪ್ ಫ್ರೀಜರಿನಲ್ಲಿ ರಾತ್ರಿ ಜಾಗ ಕೇಳಿದೆ. "ಇಡಿ ಸಾರ್, ಆದ್ರೆ ಕವರಲ್ಲಿ ಸುತ್ತಿ ಇಡಿ, ಗಿರಾಕಿ ಕಣ್ಣಿಗೆ ಬಿದ್ರೆ ಮುಗೀತು ನನ್ನ ಕಥೆ" ಎಂದು ಅವರು ಒಪ್ಪಿದರು.

ಫ್ರೀಜರಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಗುಲ್ಮಾರ್ಗಿನ ಸಾಮಾನ್ಯ ಬೆಳಗಿಗಿಂತ ಇದು ಹೆಚ್ಚೇ ಕಠಿಣ, ಪರೀಕ್ಷೆಗೆ ಅಷ್ಟು ಅಂಚು ಇದ್ದರೆ ಒಳ್ಳೆಯದು. ಲೈನರನ್ನು ಮನೆಯಲ್ಲೇ ಬಿಟ್ಟು ಶೆಲ್ಲನ್ನು ಮಾತ್ರ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಇಟ್ಟೆ, ಏಕೆಂದರೆ ಹೊರತೆಗೆದ ಕೂಡಲೇ ನಮ್ಮ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಲೈನರ್ ಒದ್ದೆಯಾದರೆ ಒಣಗಿಸುವುದು ದೊಡ್ಡ ತಲೆನೋವು. ಅಟ್ಟೆಯನ್ನು ವೈಸಿಗೆ ಕಚ್ಚಿಸಿ, ಮೇಲ್ಪದರದ ಅಂಚಿಗೆ ನೈಲಾನ್ ಪಟ್ಟಿಯ ಕುಣಿಕೆ ಹಾಕಿ, ಲಗೇಜು ತೂಗುವ ಡಿಜಿಟಲ್ ತಕ್ಕಡಿಯಿಂದ ಪಕ್ಕಕ್ಕೆ ಎಳೆದು ನೋಡಿದೆ. ಕೋಣೆಯ ಬಿಸಿಯಲ್ಲಿ 35 ಮಿ.ಮೀ. ತೆರೆಯಲು ಸುಮಾರು 8 ಕೆ.ಜಿ. ಎಳೆತ ಸಾಕಾಗಿತ್ತು, ಫ್ರೀಜರಿನಿಂದ ತೆಗೆದು ಐದು ನಿಮಿಷದೊಳಗೆ ಅಳೆದಾಗ ಅದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು. ಹತ್ತು ನಿಮಿಷ ಕಳೆದರೆ ಅಂಕಿ ಇಳಿಯತೊಡಗುತ್ತದೆ, ಆದ್ದರಿಂದ ತಕ್ಕಡಿ, ಸ್ಕೇಲು, ಪೆನ್ನು ಎಲ್ಲವನ್ನೂ ಮೊದಲೇ ಜೋಡಿಸಿಟ್ಟುಕೊಂಡಿರಬೇಕು. ಎರಡೂ ಪದರಗಳು ಸೇರಿ, ಉಜ್ಜಾಟವನ್ನೂ ಲೆಕ್ಕ ಹಿಡಿದು, ಬಾಯಿ ತೆರೆಯುವ ಇಕ್ಕಳದ ದವಡೆಯ ತುದಿಯಲ್ಲಿ 30 ಕೆ.ಜಿ.ಯಷ್ಟು ಬಲ ಸಿಗುವಂತೆ ಸಲಕರಣೆಯನ್ನು ರೂಪಿಸುವುದೆಂದು ನಿಗದಿ ಮಾಡಿಕೊಂಡೆ.

ಮೊದಲು ಮಾಡಿದ್ದು ಬೂಟನ್ನು ಹಿಡಿದಿಡುವ ಮಣೆ. ಬೂಟನ್ನು ಸ್ಕೀಗೆ ಬಂಧಿಸುವ ಬೈಂಡಿಂಗ್ ಕಚ್ಚಿಕೊಳ್ಳಲೆಂದು ಬೂಟಿನ ಅಟ್ಟೆಯ ಮುಂದೆಯೂ ಹಿಂದೆಯೂ ಚಾಚಿದ ಅಂಚುಗಳಿರುತ್ತವೆ, ಅವುಗಳ ಅಳತೆಯನ್ನು ಐಎಸ್‌ಒ 5355 ಎಂಬ ಅಂತರರಾಷ್ಟ್ರೀಯ ಮಾನದಂಡ ಗೊತ್ತುಪಡಿಸಿದೆ. ದೊಡ್ಡವರ ಬೂಟಿನಲ್ಲಿ ಹಿಂಬದಿಯ ಅಂಚಿನ ಎತ್ತರ ಹೆಚ್ಚುಕಡಿಮೆ 30 ಮಿ.ಮೀ., ಮುಂಬದಿಯದು 19 ಮಿ.ಮೀ. ವರ್ನಿಯರಿನಲ್ಲಿ ಅಳೆದಾಗ ನಮ್ಮ ಬೂಟೂ ಇದಕ್ಕೆ ಸರಿಯಾಗಿಯೇ ಇತ್ತು. ಕಂಪನಿ ಯಾವುದೇ ಇರಲಿ, ಹಿಡಿಯಲು ಒಂದೇ ಬಗೆಯ ಅಂಚು ಸಿಗುತ್ತದೆ ಎಂಬುದು ಸಲಕರಣೆ ಮಾಡುವವನಿಗೆ ದೊಡ್ಡ ಅನುಕೂಲ. ಈ ಹಿಂಬದಿಯ ಅಂಚಿನ ಮೇಲೆ ಕೂರುವಂತೆ ಒಂದು ಕವೆಯನ್ನು 3 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗಡಿನಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇಸರ್ ಕಟಿಂಗ್ ಮಾಡುವವರಲ್ಲಿ ಕತ್ತರಿಸಿ ತಂದೆ. ಹಿಮ್ಮಡಿಯ ದುಂಡಗಿನ ಆಕಾರವನ್ನು ರಟ್ಟಿನ ಮೇಲೆ ಬರೆದು ಕೊಟ್ಟಿದ್ದರಿಂದ ಅರ ಹಾಕುವ ಕೆಲಸ ಬಹಳ ಉಳಿಯಲಿಲ್ಲ. ಅಂಚಿನ ಚೂಪನ್ನು ಉಪ್ಪುಕಾಗದದಿಂದ ಉಜ್ಜಿದ್ದೊಂದೇ.

ಮಣೆಯ ಆಕಾರವನ್ನು ನಿರ್ಧರಿಸಲು ಸ್ವಲ್ಪ ಲೆಕ್ಕ ಬೇಕಾಯಿತು. ಬೂಟು ಎಡಕ್ಕೆ, ಇನ್ನೊಂದು ಕಾಲು ಬಲಕ್ಕೆ ನಿಲ್ಲುವ ಅಗಲ ಹಲಗೆ ನೋಡಲು ಸಹಜವೆನ್ನಿಸುತ್ತದೆ. ಆದರೆ ಎಡಗಾಲನ್ನು ಮೇಲೆಳೆದಾಗ ಹಲಗೆ ತನ್ನ ಬಲ ಅಂಚನ್ನು ಆಧಾರವಾಗಿಟ್ಟುಕೊಂಡು ಎದ್ದು ಮಗುಚಲು ನೋಡುತ್ತದೆ. ನಿಂತಿದ್ದರೆ ಮೈಭಾರವೆಲ್ಲ ಬಲಗಾಲಿನ ಮೇಲೆ ಬೀಳುವುದರಿಂದ ಹೇಗೋ ತಡೆಯುತ್ತದೆ, ಬೆಂಚಿನ ಮೇಲೆ ಕುಳಿತು ಬಳಸಿದರೆ ತಡೆಯುವುದಿಲ್ಲ. ಬಳಸುವವರು ದಣಿದು ಕುಳಿತಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಾಗಿ ಕವೆಯ ಹಿಂದಕ್ಕೆ ನೇರವಾಗಿ ಬಾಲ ಚಾಚಿರುವ ಕಿರಿದಾದ ಮಣೆಯನ್ನು ಆರಿಸಿಕೊಂಡೆ. ಬೂಟಿನ ಹಿಮ್ಮಡಿ ಮಾತ್ರ ಮಣೆಯ ಮೇಲಿರುತ್ತದೆ, ತುದಿ ನೆಲದ ಮೇಲೆ ಊರುತ್ತದೆ. ಇನ್ನೊಂದು ಕಾಲು ಹಿಂದಿನ ಬಾಲವನ್ನು ಮೆಟ್ಟಿರುತ್ತದೆ. ಎಳೆತವೂ ಭಾರವೂ ಒಂದೇ ಗೆರೆಯಲ್ಲಿರುವುದರಿಂದ ಪಕ್ಕಕ್ಕೆ ಮಗುಚುವ ಪ್ರಶ್ನೆಯೇ ಬರುವುದಿಲ್ಲ. ಈಳಿಗೆಮಣೆಯನ್ನು ಕಾಲಿನಡಿ ಒತ್ತಿ ಹಿಡಿದು ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಳ್ಳುವ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಮಣೆಗೆ 18 ಮಿ.ಮೀ. ಮೆರೈನ್ ಪ್ಲೈವುಡ್ ಬಳಸಿದೆ, ಉದ್ದ 360 ಮಿ.ಮೀ., ಅಗಲ 150 ಮಿ.ಮೀ. ಅಂಗಡಿಗಳಲ್ಲಿ ಮೆರೈನ್ ಎಂಬ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ಎಂದು ನೋಡಿ ಕೊಳ್ಳಬೇಕು, ಐಎಸ್ 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಗುರುತು. ಕತ್ತರಿಸಿದ ಅಂಚುಗಳಿಗೆ ತೆಳುವಾಗಿ ಎಪಾಕ್ಸಿ ಬಳಿದು, ಒಣಗಿದ ಮೇಲೆ ಉಜ್ಜಿ, ಮತ್ತೊಮ್ಮೆ ಬಳಿದೆ. ಕರಗಿದ ಹಿಮದ ನೀರು ಪ್ಲೈವುಡ್ಡಿಗೆ ಇಳಿಯುವುದು ಅಂಚುಗಳಿಂದಲೇ, ಮೈಯಿಂದಲ್ಲ. ಅಟ್ಟೆಗೆ ಮೆತ್ತಿಕೊಂಡ ಹಿಮ ಗಟ್ಟಿಯಾಗಿ ಬೂಟನ್ನು ಕೆಲವು ಮಿ.ಮೀ. ಎತ್ತರಿಸಿಬಿಟ್ಟರೆ ಅಂಚು ಕವೆಯೊಳಗೆ ಹೋಗುವುದಿಲ್ಲವೆಂಬುದನ್ನು ಹುಡುಗಿ ಮೊದಲೇ ಎಚ್ಚರಿಸಿದ್ದಳು. ಆದ್ದರಿಂದ ಹಿಮ್ಮಡಿ ಊರುವ ಜಾಗದಲ್ಲಿ ಸಮತಟ್ಟಾದ ಹಲಗೆಯ ಬದಲು 12 ಮಿ.ಮೀ. ಅಗಲದ ಎರಡು ದಿಂಡುಗಳನ್ನು ಕೂರಿಸಿ, ನಡುವೆ ಮಣೆಯನ್ನು ಆರಪಾರ ಕೊರೆದೆ. ಬೂಟನ್ನು ದಿಂಡುಗಳ ಮೇಲೆ ಎರಡು ಸಲ ಕುಟ್ಟಿದರೆ ಹಿಮ ಒಡೆದು ಆ ಕಿಂಡಿಯಿಂದ ಕೆಳಗೆ ಬೀಳುತ್ತದೆ. ದಿಂಡಿನ ಮೇಲ್ಮೈಯಿಂದ ಕವೆಯ ಅಡಿಗೆ 32 ಮಿ.ಮೀ. ಅಂತರ ಬಿಟ್ಟಿದ್ದೇನೆ. ಮಣೆಯ ತಳಕ್ಕೆ ಹಳೆಯ ಸ್ಕೂಟರ್ ಟೈರಿನ ರಬ್ಬರ್ ತುಂಡುಗಳನ್ನು ಬಡಿದಿದ್ದೇನೆ, ಹೋಟೆಲಿನ ಒದ್ದೆ ನೆಲದಲ್ಲಿ ಜಾರಬಾರದಲ್ಲ.

ಇನ್ನು ಇಕ್ಕಳ. ಇದರ ಮೇಲೆಯೇ ಹೆಚ್ಚು ಹೊತ್ತು ಖರ್ಚಾಗಿದ್ದು, ಖರ್ಚಾಗಬೇಕಾದದ್ದೂ ಇದರ ಮೇಲೆಯೇ. ಸಾಮಾನ್ಯ ಇಕ್ಕಳದ ಹಿಡಿಗಳನ್ನು ಒತ್ತಿದರೆ ದವಡೆ ಮುಚ್ಚುತ್ತದೆ. ನಮಗೆ ಒತ್ತಿದಾಗ ತೆರೆಯಬೇಕು. ಸರ್ಕ್ಲಿಪ್ ಪ್ಲೈಯರಿನಲ್ಲಿ ಮಾಡುವಂತೆ ತೋಳುಗಳನ್ನು ನಡುವೆ ಬಾಗಿಸಿ ಒಂದೇ ಕೀಲಿಗೆ ಜೋಡಿಸಬಹುದು, ಆದರೆ ಅಂಗಡಿಯಲ್ಲಿ ಸಿಗುವ ಗಟ್ಟಿ ಅಲ್ಯುಮಿನಿಯಂ ಪಟ್ಟಿಯನ್ನು ತೀರಾ ಮೊನಚಾಗಿ ಬಾಗಿಸಿದರೆ ಹೊರಮೈಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಬಾಗಿಸುವ ಗೊಡವೆಯೇ ಬೇಡವೆಂದು ಎರಡು ನೇರ ತೋಳುಗಳನ್ನು ಒಂದು ಅಡ್ಡ ಸೇತುವೆ ತಗಡಿಗೆ ಪ್ರತ್ಯೇಕ ಕೀಲುಗಳಲ್ಲಿ ಜೋಡಿಸಿದೆ. ತೋಳುಗಳು 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ, ಸೇತುವೆಯ ಮೇಲಿನ ಎರಡು ಎಂ8 ಬೋಲ್ಟುಗಳ ನಡುವೆ 70 ಮಿ.ಮೀ. ಅಂತರ. ಕೀಲಿನಿಂದ ದವಡೆಗೆ 120 ಮಿ.ಮೀ., ಹಿಡಿಯ ಕಡೆಗೆ 360 ಮಿ.ಮೀ.; ಅಂದರೆ ಸನ್ನೆಯ ಲಾಭ ಒಂದಕ್ಕೆ ಮೂರು. ಆರಂಭದಲ್ಲಿ ದವಡೆಗಳು 30 ಮಿ.ಮೀ. ದೂರದಲ್ಲಿದ್ದು ಹಿಡಿಗಳು 190 ಮಿ.ಮೀ. ಅಗಲಕ್ಕೆ ಚಾಚಿರುತ್ತವೆ, ಹಿಡಿಗಳನ್ನು ಒತ್ತುತ್ತಾ ಬಂದಂತೆ ದವಡೆಗಳು ಅಗಲವಾಗಿ, ತೋಳುಗಳೆರಡೂ ಸಮಾನಾಂತರವಾದಾಗ ಬಾಯಿ 70 ಮಿ.ಮೀ. ಆಗುತ್ತದೆ. ತೆರೆಯುವ ಅಳತೆ ಹೀಗೆ ಒಟ್ಟು 40 ಮಿ.ಮೀ. ಒಂದೊಂದು ಕೈಗೆ 10 ಕೆ.ಜಿ. ಒತ್ತು ಕೊಟ್ಟರೆ ದವಡೆಯಲ್ಲಿ 30 ಕೆ.ಜಿ. ಸಿಗುತ್ತದೆ, ಆ ಭಾರಕ್ಕೆ ಕೀಲಿನ ತೂತಿನ ಬಳಿ ಅಲ್ಯುಮಿನಿಯಂ ಮೇಲೆ ಬೀಳುವ ಒತ್ತಡ ಸುಮಾರು 60 ಮೆಗಾಪಾಸ್ಕಲ್. 6063 ದರ್ಜೆಯ ಪಟ್ಟಿ ಹದಗೊಳಿಸಿದ್ದಾದರೆ ಇದರ ಎರಡು ಪಟ್ಟನ್ನೂ ಬಾಗದೆ ತಡೆಯುತ್ತದೆ.

ಎರಡು ಕೀಲುಗಳಿರುವುದರ ಇನ್ನೊಂದು ಪ್ರಯೋಜನ ಬೂಟಿನ ಮೇಲೆ ಇಟ್ಟಾಗ ತಿಳಿಯುತ್ತದೆ. ಶೆಲ್ಲಿನ ಮೇಲ್ಪದರ ಒಳಪದರವನ್ನು ಮುಚ್ಚಿಕೊಂಡಿರುವುದರಿಂದ ಎರಡಕ್ಕೂ ಏಕಕಾಲದಲ್ಲಿ ಕೊಕ್ಕೆ ಹಾಕಲಾಗುವುದಿಲ್ಲ. ಮೊದಲು ಮೇಲ್ಪದರದ ಅಂಚಿಗೆ ಒಂದು ಕೊಕ್ಕೆಯನ್ನು ಸಿಕ್ಕಿಸಿ, ಆ ತೋಳನ್ನಷ್ಟೇ ಸ್ವಲ್ಪ ಸರಿಸಿ, ಒಳಪದರದ ಅಂಚು ಕಾಣಿಸಿದ ಮೇಲೆ ಎರಡನೆಯ ಕೊಕ್ಕೆಯನ್ನು ಇಳಿಸಬೇಕು. ಒಂದೇ ಕೀಲಿನ ಇಕ್ಕಳದಲ್ಲಿ ಒಂದು ತೋಳನ್ನು ಬಿಟ್ಟು ಇನ್ನೊಂದನ್ನು ಆಡಿಸುವುದು ಇಷ್ಟು ಸುಲಭವಲ್ಲ. ಒಳಪದರ ಮೇಲ್ಪದರಕ್ಕಿಂತ ತಗ್ಗಿನಲ್ಲಿರುವುದರಿಂದ ಅದರ ಕೊಕ್ಕೆಯನ್ನು 6 ಮಿ.ಮೀ. ಉದ್ದ ಮಾಡಿದ್ದೇನೆ, ಗುರುತಿಗೆ ಆ ತೋಳಿನ ಹಿಡಿಗೆ ಕೆಂಪು ಟೇಪು ಸುತ್ತಿದೆ. ಕೊಕ್ಕೆಗಳು 2 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿಯವು, ಪದರದ ಅಂಚನ್ನು 30 ಮಿ.ಮೀ. ಉದ್ದಕ್ಕೆ ಹಿಡಿಯುವಷ್ಟು ಅಗಲ. ಇದಕ್ಕಿಂತ ಕಿರಿದಾದರೆ ಬಲವೆಲ್ಲ ಒಂದೇ ಬಿಂದುವಿನಲ್ಲಿ ಬಿದ್ದು ಪ್ಲಾಸ್ಟಿಕ್ಕಿನಲ್ಲಿ ಬಿಳಿಯ ಗೆರೆ ಮೂಡುತ್ತದೆ, ಆ ಗೆರೆಯೇ ಮುಂದೆ ಬಿರುಕಾಗುತ್ತದೆ. ಕೊಕ್ಕೆಯ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರನ್ನು ಅಂಟಿಸಿದೆ. ಪರೀಕ್ಷೆಗೆಂದು ಒಂದು ಕೊಕ್ಕೆಗೆ ಚರ್ಮವನ್ನೂ ಹಾಕಿದ್ದೆ. ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟಾಗ ಚರ್ಮ ಹಪ್ಪಳದಂತಾಗಿ ಹಿಡಿತ ಬಿಟ್ಟಿತು, ಟ್ಯೂಬಿನ ರಬ್ಬರ್ ಮೆದುವಾಗಿಯೇ ಉಳಿಯಿತು.

ಅತಿಯಾಗಿ ತೆರೆಯದಂತೆ ತಡೆಯಿರಬೇಕಾದದ್ದು ಬಹಳ ಮುಖ್ಯ. ಉದ್ದನೆಯ ಹಿಡಿ ಕೈಗೆ ಸಿಕ್ಕಿದರೆ ಎಷ್ಟು ಬಲ ಬೀಳುತ್ತಿದೆಯೆಂಬ ಅಂದಾಜು ತಪ್ಪಿಹೋಗುತ್ತದೆ, ಚಳಿಯಲ್ಲಿ ಬಿರುಸಾದ ಶೆಲ್ಲನ್ನು ಅಳತೆ ಮೀರಿ ಅಗಲಿಸಿದರೆ ಸೀಳಬಹುದು. ಹಿಡಿಗಳ ನಡುವೆ 45 ಮಿ.ಮೀ. ಹೊನ್ನೆ ಮರದ ಗುಬುಟನ್ನು ಸ್ಕ್ರೂ ಹಾಕಿ ಕೂರಿಸಿದ್ದೇನೆ. ತೋಳುಗಳು ಸಮಾನಾಂತರವಾದ ಕೂಡಲೇ ಅದು ತಡೆಯುತ್ತದೆ. ಹೊರಗೆ ಹಿಮದಲ್ಲೇ ಬಿಚ್ಚಬೇಕಾದ ಸಂದರ್ಭಕ್ಕೆಂದು 75 ಮಿ.ಮೀ.ನ ಇನ್ನೊಂದು ಗುಬುಟೂ ಇದೆ, ಅದನ್ನು ಹಾಕಿದರೆ ಬಾಯಿ ಸುಮಾರು 10 ಮಿ.ಮೀ. ಕಡಿಮೆ ತೆರೆಯುತ್ತದೆ. ಹಳೆಯ ಬೂಟುಗಳಿಗೆ ಎರಡನೆಯದನ್ನೇ ಬಳಸುವುದು ಕ್ಷೇಮ. ಪಾಲಿಯುರೆಥೇನಿನ ಕೆಲವು ಬಗೆಗಳು ವರ್ಷಗಳು ಕಳೆದಂತೆ ಗಾಳಿಯ ತೇವದಿಂದಲೇ ಒಳಗೊಳಗೆ ಸವೆದು ಪೆಡಸಾಗುತ್ತವೆ. ಹೊರನೋಟಕ್ಕೆ ಹೊಳಪು ಚೆನ್ನಾಗಿಯೇ ಇರುತ್ತದೆ. ಕೀಲುಗಳಿಗೆ ಗ್ರೀಸ್ ಹಾಕಿಲ್ಲ. ಸಾಮಾನ್ಯ ಗ್ರೀಸ್ ಚಳಿಯಲ್ಲಿ ಮಂದವಾಗಿ ತೋಳುಗಳನ್ನೇ ಹಿಡಿದುಬಿಡುತ್ತದೆ. ಅದರ ಬದಲು ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ವಾಷರುಗಳನ್ನು ಕತ್ತರಿಸಿ ಹಾಕಿ, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟುಗಳಿಂದ ಬಿಗಿದಿದ್ದೇನೆ.

ಆ ವಾಷರುಗಳ ಮೂಲವೇ ಮೂರನೆಯ ಭಾಗವಾದ ಜಾರುಪಟ್ಟಿಯ, ಅಂದರೆ ಹಿಮ್ಮಡಿ ಜಾರಿ ಇಳಿಯಲು ಬಳಸುವ ಶೂ ಹಾರ್ನಿನ, ಮೂಲವೂ ಹೌದು. ಶೂ ಹಾರ್ನ್ ಮಾಡುವವರು ಸಾಮಾನ್ಯವಾಗಿ ಪಿವಿಸಿ ಪೈಪನ್ನು ಸೀಳಿ, ಬಿಸಿ ಮಾಡಿ ತಟ್ಟುತ್ತಾರೆ. ಮೈಸೂರಿನಲ್ಲಿ ಬಳಸುವುದಾದರೆ ಅದು ಧಾರಾಳವಾಗಿ ಸಾಕು. ಪಿವಿಸಿ ಮತ್ತು ಎಚ್‌ಡಿಪಿಇ ಎರಡರ ತುಂಡುಗಳನ್ನೂ ಫ್ರೀಜರಿನಲ್ಲಿ ರಾತ್ರಿಯಿಟ್ಟು, ವೈಸಿಗೆ ಕಚ್ಚಿಸಿ ಮರದ ಕೊಡತಿಯಿಂದ ಹೊಡೆದಾಗ ಪಿವಿಸಿ ಚೂಪು ಅಂಚು ಬಿಟ್ಟು ತುಂಡಾಯಿತು, ಎಚ್‌ಡಿಪಿಇ ಬಾಗಿ ಮತ್ತೆ ನೆಟ್ಟಗಾಯಿತು. ಆ ಚೂಪು ತುಂಡು ಬೂಟಿನೊಳಗೆ, ಹಿಮ್ಮಡಿಯ ಹಿಂದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಮಂಡ್ಯದ ಕಡೆ ತಮ್ಮನ ಜಮೀನಿನಲ್ಲಿ ಬೋರ್‌ವೆಲ್ಲಿನ ಲೈನಿಗೆ ಹಾಕಿ ಉಳಿದಿದ್ದ 90 ಮಿ.ಮೀ. ವ್ಯಾಸದ ಕರಿಯ ಎಚ್‌ಡಿಪಿಇ ಪೈಪಿನ ತುಂಡು ಇತ್ತು. ಅದನ್ನು ಉದ್ದಕ್ಕೆ ಸೀಳಿ 55 ಮಿ.ಮೀ. ಅಗಲದ ಪಟ್ಟಿ ತೆಗೆದರೆ ಹಿಮ್ಮಡಿಯ ದುಂಡಿಗೆ ಹತ್ತಿರದ ಬಾಗು ತಾನಾಗಿಯೇ ಸಿಗುತ್ತದೆ. 450 ಮಿ.ಮೀ. ಉದ್ದ ಇಟ್ಟುಕೊಂಡು, ಕೆಳತುದಿಯ 150 ಮಿ.ಮೀ. ಭಾಗವನ್ನು ತೋಪಡದಿಂದ ಎರೆದು 2 ಮಿ.ಮೀ.ಗೆ ಇಳಿಸಿದೆ. ಎಚ್‌ಡಿಪಿಇ ಉಪ್ಪುಕಾಗದಕ್ಕೆ ಬಗ್ಗುವ ವಸ್ತುವಲ್ಲ, ಉಜ್ಜಿದರೆ ನೂಲುನೂಲಾಗಿ ಏಳುತ್ತದೆ. ಹರಿತವಾದ ಅಲಗಿನಿಂದ ಕೆರೆಯುವುದೇ ಸರಿ. ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಗಟ್ಟಿಯಾಗಿ ಕೂರುವುದಿಲ್ಲವಾದ್ದರಿಂದ ಮೇಲ್ತುದಿಯ ಹಿಡಿಗೆ ತೂತು ಕೊರೆದು ನೈಲಾನ್ ಹಗ್ಗದ ಕುಣಿಕೆ ಹಾಕಿದೆ.

ಎಲ್ಲವನ್ನೂ ಜೋಡಿಸಿ ಬಳಸುವ ಕ್ರಮ ಹೀಗೆ. ತೊಡುವಾಗ ನಾಲ್ಕು ಬಕಲ್‌ಗಳನ್ನೂ ಪವರ್ ಸ್ಟ್ರಾಪನ್ನೂ ಪೂರ್ತಿ ಬಿಚ್ಚಿ, ಬೂಟಿನ ಹಿಂದಂಚನ್ನು ಕವೆಯೊಳಗೆ ತಳ್ಳಿ, ಲೈನರಿನ ನಾಲಗೆಯನ್ನು ಮೇಲಕ್ಕೂ ಪಕ್ಕಕ್ಕೂ ಸರಿಸಿ, ಜಾರುಪಟ್ಟಿಯನ್ನು ಹಿಂಬದಿಯಲ್ಲಿ ಇಳಿಬಿಟ್ಟು, ಇಕ್ಕಳದಿಂದ ಬಾಯಿ ತೆರೆದು ಪಾದವನ್ನು ತುಸು ಓರೆಯಾಗಿ ಇಳಿಸಬೇಕು. ಹಿಮ್ಮಡಿ ಗೂಡಿಗೆ ಕುಳಿತ ಮೇಲೆ ಮೊದಲು ಇಕ್ಕಳ, ಅನಂತರ ಜಾರುಪಟ್ಟಿ ಹೊರಗೆ ಬರಬೇಕು. ಕಳಚುವಾಗ ಜಾರುಪಟ್ಟಿಯ ಅಗತ್ಯ ಬೀಳಲಿಲ್ಲ. ಹುಡುಗಿ ಊರಿಗೆ ಬಂದಿದ್ದಾಗ ಫ್ರೀಜರಿನಿಂದ ತೆಗೆದ ಬೂಟಿಗೆ ಲೈನರ್ ತೂರಿಸಿ ನಡುಮನೆಯಲ್ಲಿ ಪರೀಕ್ಷೆ ನಡೆಸಿದೆವು. ಬೂಟಿನ ಮೇಲೆ ಬೆವರಿದಂತೆ ಹನಿಗಟ್ಟಿ ಮೊಸಾಯಿಕ್ ನೆಲವೆಲ್ಲ ಒದ್ದೆಯಾಗಿತ್ತು. ಅವಳು ಸೋಫಾದ ಅಂಚಿನಲ್ಲಿ ಕುಳಿತು, ಹಿಡಿ ಒತ್ತಿ, ಕಾಲನ್ನು ಮೇಲೆತ್ತಿದಳು. ಪಾದ ಹೊರಬಂದ ಮೇಲೂ ಇನ್ನೂ ಬಂದಿಲ್ಲವೆಂದೇ ಎಣಿಸಿ ಒತ್ತುತ್ತಲೇ ಇದ್ದಳು. "ಇಷ್ಟೇನಾ?" ಎಂದಳು. ತಾಯಿ ಒರೆಸುವ ಬಟ್ಟೆ ತಂದುಕೊಟ್ಟರು.

ಗುಲ್ಮಾರ್ಗಿನಿಂದ ಅವಳು ಕಳಿಸಿದ ಟಿಪ್ಪಣಿಗಳಲ್ಲಿ ಮೂರು ಅಂಶಗಳು ಕೆಲಸಕ್ಕೆ ಬಂದವು. ಒಂದು, ಬೆಳಗ್ಗೆ ತೊಡುವಾಗ ಬೂಟು ರಾತ್ರಿಯೆಲ್ಲ ಕೋಣೆಯೊಳಗೇ ಇದ್ದರೆ ಇಕ್ಕಳ ಅರ್ಧ ತೆರೆದರೂ ಸಾಕಾಗುತ್ತದೆ. ಆದ್ದರಿಂದ ಬೂಟನ್ನು ಗಾಡಿಯಲ್ಲೋ ವರಾಂಡದಲ್ಲೋ ಬಿಡಬಾರದೆಂಬ ಹಳೆಯ ಬುದ್ಧಿಮಾತನ್ನು ಈ ಸಲಕರಣೆ ರದ್ದು ಮಾಡುವುದಿಲ್ಲ. ಹಾಗೆಂದು ಕಾಶ್ಮೀರದ ಕೋಣೆಗಳಲ್ಲಿ ಉರಿಯುವ ಬುಖಾರಿ ಒಲೆಯ ಪಕ್ಕಕ್ಕೇ ಇಟ್ಟರೆ ಶೆಲ್ಲಿನ ಆಕಾರ ಕೆಡಬಹುದು, ಕೋಣೆಯ ಬಿಸಿ ಸಾಕು. ಎರಡು, ದಪ್ಪ ಕೈಗವಸು ಹಾಕಿಕೊಂಡಾಗ ಅಲ್ಯುಮಿನಿಯಂ ಹಿಡಿಗಳು ಜಾರುತ್ತವೆ, ಬರಿಗೈಯಲ್ಲಿ ಹಿಡಿದರೆ ಲೋಹ ಕೊರೆಯುತ್ತದೆ. ಅವಳು ವಾಪಸಾದ ಮೇಲೆ ಹಿಡಿಗಳಿಗೆ ಸೈಕಲ್ಲಿನ ಫೋಮ್ ಗ್ರಿಪ್ಪುಗಳನ್ನು ತೊಡಿಸಿದೆ. ಬಹಳ ಸಣ್ಣ ಬದಲಾವಣೆ, ಅವಳು ಹೆಚ್ಚು ಮೆಚ್ಚಿದ್ದು ಅದನ್ನೇ. ಮೂರು, ತೂಕ. ಮಣೆ, ಕವೆ, ಇಕ್ಕಳ, ಪಟ್ಟಿ ಎಲ್ಲ ಸೇರಿ ಒಂದೂವರೆ ಕೆ.ಜಿ.ಯ ಹತ್ತಿರ ಬರುತ್ತದೆ, ವಿಮಾನದ ಸಾಮಾನಿನ ಲೆಕ್ಕದಲ್ಲಿ ಅದು ಹಗುರವಲ್ಲ. ಮಣೆಯ ಬಾಲದಲ್ಲಿ ಕಾಲು ಮೆಟ್ಟದ ಭಾಗಗಳನ್ನು ಕೊರೆದು ತೆಗೆದು ಸ್ವಲ್ಪ ಇಳಿಸಿದ್ದೇನೆ. ತೋಳುಗಳ ದಪ್ಪವನ್ನು ಇಳಿಸಬೇಕೆಂಬ ಅವಳ ಸಲಹೆಯನ್ನು ಮಾತ್ರ ಒಪ್ಪಲಿಲ್ಲ, ತೆಳ್ಳಗಿನ ಪಟ್ಟಿ ಒತ್ತಡದಲ್ಲಿ ಪಕ್ಕಕ್ಕೆ ತಿರುಚಿಕೊಂಡರೆ ಕೊಕ್ಕೆ ಹಾರಿ ಮುಖಕ್ಕೆ ಬಡಿಯುವ ಅಪಾಯವಿದೆ.

ಮೆರೈನ್ ಪ್ಲೈವುಡ್ಡಿನ ತುಂಡು, ಅಲ್ಯುಮಿನಿಯಂ ಪಟ್ಟಿ, ಸ್ಟೀಲ್ ಕತ್ತರಿಸಿದ ಕೂಲಿ, ಬೋಲ್ಟು, ಗ್ರಿಪ್ಪು ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೇ ಮುಗಿಯಿತು. ಇದೇ ಅಳತೆಯಲ್ಲಿ ಮಾಡಲು ಹೊರಡುವವರು ಒಂದು ವಿಷಯ ಗಮನಿಸಬೇಕು. ಸ್ಕೀ ಬೂಟಿನ ಸೈಜನ್ನು ಪಾದದ ಉದ್ದದ ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ನಮ್ಮದು 24.5, ಸೈಜು ಬೇರೆಯಾದರೂ ದೊಡ್ಡವರ ಬೂಟಿನ ಹಿಂದಂಚಿನ ಎತ್ತರ ಬದಲಾಗುವುದಿಲ್ಲವಾದ್ದರಿಂದ ಕವೆ ಹಾಗೆಯೇ ಹೊಂದುತ್ತದೆ. ಮಕ್ಕಳ ಬೂಟುಗಳಿಗೆ ಅಟ್ಟೆಯ ಅಳತೆಯೇ ಬೇರೆ. ಬೆಟ್ಟ ಹತ್ತಲೆಂದು ಮಾಡಿದ ಟೂರಿಂಗ್ ಬೂಟುಗಳ ರಬ್ಬರ್ ಅಟ್ಟೆಯೂ ಬೇರೆ. ಬಾಡಿಗೆ ಬೂಟುಗಳಲ್ಲಿ ನಡೆದಾಡಿ ಹಿಮ್ಮಡಿ ಸವೆದಿರುವುದೂ ಉಂಟು. ಅದಕ್ಕಾಗಿ ಕವೆಯನ್ನು ಮಣೆಗೆ ನೇರವಾಗಿ ಸ್ಕ್ರೂ ಮಾಡದೆ, ಎರಡು ಬೋಲ್ಟುಗಳ ಮೇಲೆ ವಾಷರುಗಳ ಅಟ್ಟಿಯಿಟ್ಟು ಕೂರಿಸಿದ್ದೇನೆ: ಅಂಚು ಎತ್ತರವಿದ್ದರೆ ಕವೆಯ ಕೆಳಗೆ ಒಂದು ವಾಷರ್ ಸೇರಿಸುವುದು, ತಗ್ಗಾಗಿದ್ದರೆ ಒಂದನ್ನು ತೆಗೆದು ಕವೆಯ ಮೇಲೆ ಹಾಕಿ ನಟ್ಟು ಬಿಗಿಯುವುದು. 13 ನಂಬರಿನ ಸ್ಪ್ಯಾನರ್ ಒಂದಿದ್ದರೆ ಕೋಣೆಯಲ್ಲೇ ಮಾಡಿಕೊಳ್ಳಬಹುದು, ಇಕ್ಕಳದ ಕೀಲುಗಳಿಗೂ ಅದೇ ಸ್ಪ್ಯಾನರ್ ಹಿಡಿಸುತ್ತದೆ.